ಎರಡನೇ ದಾರಿ ಎಲ್ಲಿ ಹೋಯಿತು?

"ಟಾರ್ಚನ್ನ ನನ್ನ ಮುಖಕ್ಕೆ ಬಿಡಬೇಡಿ ಸಾರ್. ತುಂಡಾಗಿರೋದು ನಾನಲ್ಲ, ಕೇಬಲ್ಲು," ಎಂದಳು ಅತ್ತೆ.

ತುರ್ತು ಕರೆ ಕೇಂದ್ರದ ಮುಖ್ಯಸ್ಥರು ಬೆಳಕನ್ನು ಕೆಳಗಿಳಿಸಿದರು. ಆಂಬುಲೆನ್ಸ್ ಕಳಿಸುವ ಆ ಕೇಂದ್ರದ ಮೂರನೇ ಮಹಡಿಯ ಎಡಗಡೆ ಶಾಫ್ಟು ಅದು. ನೆಲಮಾಳಿಗೆಯಿಂದ ಮೇಲಿನವರೆಗೆ ಕೇಬಲ್ಲುಗಳು ಹಾದುಹೋಗಲಿ ಅಂತ ಗೋಡೆಯೊಳಗೆ ಬಿಟ್ಟ ಇಕ್ಕಟ್ಟಾದ ಗೂಡು. ಐವತ್ತೈದು ದಾಟಿದ ಹೆಂಗಸು ಅದರೊಳಗೆ ಅರ್ಧ ಮೈ ತೂರಿಸಿ, ಒಂದು ಕಾಲನ್ನು ಕಾರಿಡಾರಿನಲ್ಲೇ ಬಿಟ್ಟು ನಿಂತದ್ದು ನೋಡಿ ಅವರಿಗೆ ಜೀವ ಬಾಯಿಗೆ ಬಂದಿತ್ತು.

ಅತ್ತೆ ಅನ್ನುವುದು ತನಿಖಾಧಿಕಾರಿಯಾದ ಅವಳಿಗೆ ಕಚೇರಿಯವರು ಬೆನ್ನ ಹಿಂದೆ ಇಟ್ಟ ಹೆಸರು. ಹೊಸ ಸೊಸೆಯ ಅಡುಗೆಮನೆಗೆ ನುಗ್ಗಿದವಳ ಹಾಗೆ, ಸಿಕ್ಕ ಡಬ್ಬಿಯ ಮುಚ್ಚಳವನ್ನೆಲ್ಲ ತೆಗೆದು ನೋಡದೆ ಅವಳಿಗೆ ಸಮಾಧಾನವಿಲ್ಲ ಅಂತ. ಅದು ಕಿವಿಗೆ ಬಿದ್ದ ದಿನ ಅವಳು ಸಿಟ್ಟಾಗಲಿಲ್ಲ. ಮರುದಿನದಿಂದ ಫೋನಿನಲ್ಲಿ ತಾನೇ "ಅತ್ತೆ ಮಾತಾಡ್ತಿದೀನಿ" ಅನ್ನತೊಡಗಿದಳು.

ಮಂಗಳವಾರ ಮಧ್ಯಾಹ್ನ ಈ ಕೇಂದ್ರದ ಯಂತ್ರಗಳು ನಿಂತುಹೋಗಿ, ಹೊಲಿಗೆಯಂತ್ರದ ಮುಂದೆ ಕುಸಿದ ಒಬ್ಬ ಟೈಲರ್‌ಗೆ ಆಂಬುಲೆನ್ಸ್ ತಡವಾಗಿ, ಆತ ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ತಪ್ಪೆಲ್ಲ ಆ ಯಂತ್ರಗಳಿಗೆ ಕೇಬಲ್ ದಾರಿ ಗೊತ್ತುಮಾಡಿದ ಯೋಜಕನ ತಲೆ ಮೇಲೆ ಬಂದು ಕೂತಿತ್ತು.

"ಇದರಲ್ಲಿ ನೋಡೋದೇನಿದೆ?" ಎಂದರು ಮುಖ್ಯಸ್ಥರು. "ಎರಡು ಕೇಬಲ್ಲು ಬೇರೆ ಬೇರೆ ಶಾಫ್ಟಲ್ಲಿ ಹೋಗಬೇಕಿತ್ತು. ಎರಡೂ ಇದೊಂದರಲ್ಲೇ ಹೋಗಿವೆ. ಗಾಳಿಕೊಳವೆ ರಿಪೇರಿ ಮಾಡೋನು ಯಂತ್ರದ ಗರಗಸ ಆಡಿಸಿದ, ಎರಡೂ ಒಂದೇ ಏಟಿಗೆ ಹೋದವು. ಬೇರೆ ಬೇರೆ ಹಾಕಿದೀವಿ, ಕಣ್ಣಾರೆ ನೋಡಿದೀನಿ ಅಂತ ಸಹಿ ಮಾಡಿದೋನು ಯೋಜಕ. ಇನ್ನೇನು ಬೇಕು?"

"ಒಂದೇ ಏಟಿಗೆ ಅಂದಿರಾ?"

"ಹೌದು."

"ಹಾಗಾದರೆ ಇಲ್ಲಿ ಬಂದು ಸ್ವಲ್ಪ ಮೂಗು ತೂರಿಸಿ."

ಮುಖ್ಯಸ್ಥರು ಮನಸ್ಸಿಲ್ಲದ ಮನಸ್ಸಿನಿಂದ ಬಗ್ಗಿದರು. ಅಕ್ಕಪಕ್ಕದಲ್ಲಿ ತೂಗುತ್ತಿದ್ದ ಎರಡು ತುದಿಗಳನ್ನು ಅತ್ತೆ ಅಂಗೈ ಮೇಲೆ ಇಟ್ಟುಕೊಂಡಿದ್ದಳು. ಒಂದರ ಹೊದಿಕೆ ನಾಯಿ ಅಗಿದ ಚಪ್ಪಲಿಯ ಹಾಗೆ ಕಿತ್ತುಹೋಗಿ, ಅಂಚು ಸುಟ್ಟು ಕಪ್ಪಾಗಿತ್ತು. ಇನ್ನೊಂದರ ತುದಿ ನಯವಾಗಿ, ನೇರವಾಗಿ, ಒಂದು ಎಳೆಯೂ ಹೊರಗೆ ಬಾರದೆ ತುಂಡಾಗಿತ್ತು.

"ಗರಗಸಕ್ಕೆ ಒಂದರ ಮೇಲೆ ಸಿಟ್ಟು, ಇನ್ನೊಂದರ ಮೇಲೆ ಪ್ರೀತಿ ಇತ್ತಾ ಸಾರ್?"

ಅತ್ತೆ ಮೊದಲ ಕೇಬಲಿನ ಮೇಲೆ ಬೆರಳಾಡಿಸಿ ತೋರಿಸಿದಳು. ಬೆರಳ ತುದಿಗೆ ಬೂದು ಬಣ್ಣದ ಧೂಳು ದಪ್ಪಗೆ ಮೆತ್ತಿಕೊಂಡಿತ್ತು. ನುಣ್ಣಗೆ ತುಂಡಾದ ಕೇಬಲ್ಲಿಗೂ ಧೂಳಿತ್ತು. ಆದರೆ ಅದು ಅಲ್ಲಲ್ಲಿ ಉಜ್ಜಿ ಅಳಿಸಿಹೋಗಿತ್ತು, ಬೆವರುವ ಕೈ ಹಿಡಿದು ಎಳೆದ ಹಾಗೆ.

"ಇದನ್ನ ಯಾರೋ ಇತ್ತೀಚೆಗೆ ಮುಟ್ಟಿದಾರೆ," ಎಂದಳು. "ಬರೀ ಮುಟ್ಟಿದ್ದಲ್ಲ. ಹೊತ್ತುಕೊಂಡು ಬಂದಿದಾರೆ."

ಯೋಜಕನನ್ನು ಅವಳು ಹಿಂದಿನ ದಿನ ಅವನ ಮನೆಯಲ್ಲಿ ಕಂಡಿದ್ದಳು. ಕೆಲಸದಿಂದ ದೂರ ಇಟ್ಟಿದ್ದರು, ಮನುಷ್ಯ ಗಡ್ಡ ಕೂಡ ತೆಗೆದಿರಲಿಲ್ಲ. ಅವನಿಗೆ ಎಲ್ಲರೂ ಕರೆಯುವ ಹೆಸರು ಎರಡೆರಡು. ಜೇಬಲ್ಲಿ ಎರಡು ಪೆನ್ನು, ಚೀಲದಲ್ಲಿ ಎರಡು ಕೊಡೆ, ಬೆಳಿಗ್ಗೆ ಏಳಲು ಎರಡು ಅಲಾರಂ. "ಮದುವೆ ಒಂದೇ ಆಗಿದಾರಲ್ಲ, ಅದೇ ನನ್ನ ಪುಣ್ಯ," ಎಂದು ಅವನ ಹೆಂಡತಿ ನಗಲು ನೋಡಿ, ಅರ್ಧಕ್ಕೇ ನಿಲ್ಲಿಸಿ ತೋಳಿಗೆ ಮುಖ ಒರೆಸಿಕೊಂಡಿದ್ದಳು.

ಅವನು ಊಟದ ಮೇಜಿನ ಮೇಲೆ ಲೋಟಗಳನ್ನು ಜೋಡಿಸಿ ಹೇಳಿಕೊಟ್ಟಿದ್ದ.

"ಇದು ಸರ್ವರ್ ಅಂದ್ಕೊಳ್ಳಿ. ಯಾವ ಆಂಬುಲೆನ್ಸ್ ಎಲ್ಲಿದೆ, ಯಾರು ಕರೆ ಮಾಡಿದಾರೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ, ಎಲ್ಲವನ್ನೂ ಇದು ತಲೇಲೇ ಇಟ್ಕೊಂಡಿರುತ್ತೆ. ಕಪಾಟು ತೆಗೆದು ಹುಡುಕಲ್ಲ. ಅದಕ್ಕೇ ಕೇಳಿದ ತಕ್ಷಣ ಉತ್ತರ. ಆದರೆ ಕರೆಂಟು ಹೋದರೆ ತಲೆ ಖಾಲಿ. ಹಾಗಾಗಿ ಹೊಸದೇನೇ ಬಂದರೂ ನೆಲಮಾಳಿಗೆಯ ಸ್ಟೋರೇಜಿಗೆ ಬರೆದು ಕಳಿಸಿ, ಅಲ್ಲಿಂದ 'ಸಿಕ್ಕಿತು' ಅಂತ ಬಂದ ಮೇಲೇ ಮುಂದಿನ ಮಾತು."

"ಆ ದಾರಿ ಮುಚ್ಚಿದರೆ?"

"ಸುಳ್ಳು ಹೇಳೋ ಬದಲು ಸುಮ್ಮನೆ ನಿಂತುಬಿಡುತ್ತೆ."

"ಬದಲಿ ಯಂತ್ರ ಇರಲಿಲ್ವಾ?"

"ಇತ್ತು. ಅದೂ ಬರೆಯೋದು ಅದೇ ಸ್ಟೋರೇಜಿಗೆ, ಅದೇ ದಾರೀಲಿ. ಅದಕ್ಕೇ ನಾನು ಎರಡು ದಾರಿ, ಎರಡು ದಾರಿ ಅಂತ ಬಡ್ಕೊಂಡಿದ್ದು. ಪ್ರತಿ ಸರ್ವರಿಗೂ ಎರಡು ಕಾರ್ಡು, ಕೇಬಲ್ಲುಗಳನ್ನ ಕೂಡಿಸೋ ಎರಡು ಸ್ವಿಚ್ಚು ಪೆಟ್ಟಿಗೆ, ಎರಡು ಕೇಬಲ್ಲು. ಒಂದು ಎಡಗಡೆ ಶಾಫ್ಟಿಗೆ, ಒಂದು ಬಲಗಡೆ ಶಾಫ್ಟಿಗೆ. ಮೇಲಿಂದ ಕೆಳಗಿನವರೆಗೆ ಎಲ್ಲೂ ಒಂದಕ್ಕೊಂದು ಮುಖ ನೋಡಬಾರದು."

ಅವನು ಒಂದು ಚಮಚ ಎತ್ತಿಕೊಂಡಿದ್ದ. "ಒಂದರಲ್ಲಿ ಚಿಲ್ಲರೆ ಓಡಾಟ. ಒಂದೊಂದು ಕರೆ ಬಂದ ಹಾಗೆ ಹೋಗೋ ಸಣ್ಣ ಬರಹ. ಅದು ಕಾಯಬಾರದು. ಇನ್ನೊಂದರಲ್ಲಿ ಭಾರದ ಸಾಮಾನು. ಆಗಾಗ ಇಡೀ ನೆನಪಿನ ನಕಲು ಇಳಿಯುತ್ತಲ್ಲ, ಅದು. ಒಂದು ಕೆಟ್ಟರೆ ಇನ್ನೊಂದು ಎರಡನ್ನೂ ಹೊರುತ್ತೆ. ನಾನು ಎರಡೂ ನೋಡೇ ಸಹಿ ಮಾಡಿದ್ದು ಮೇಡಂ. ಬಲಗಡೆ ಕೇಬಲ್ಲನ್ನ ಈ ಕೈಯಲ್ಲೇ ಮುಟ್ಟಿ ನೋಡಿದ್ದೆ."

ಕೆಲಸ ಮಾಡಿದ ಕೇಬಲ್ ಮೇಸ್ತ್ರಿ ಅವನ ಹೆಂಡತಿಯ ತಮ್ಮನೇ. ಹೊರಗಿನವರನ್ನ ಕರೆಸಿದ್ದರೆ ಇಷ್ಟು ಮಾತು ಬರುತ್ತಿರಲಿಲ್ಲ ಎಂದು ಯೋಜಕ ಒಮ್ಮೆ ಗೊಣಗಿ, ಹೆಂಡತಿಯ ಮುಖ ನೋಡಿ ಮಾತು ಬದಲಿಸಿದ್ದ.

ಕೆಳಗೆ ಕರೆ ಸ್ವೀಕರಿಸುವ ಕೋಣೆಯಲ್ಲಿ ಎಲ್ಲ ಪರದೆಗಳೂ ಮತ್ತೆ ಬೆಳಗುತ್ತಿದ್ದವು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯ ಹುಡುಗಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತಳು. ಹುಡುಗಿ ಕಿವಿಯ ಹೆಡ್‌ಫೋನ್ ಕೆಳಗಿಟ್ಟಳು.

"ಆ ಟೈಲರ್ ಹೆಂಡತಿಯ ಕರೆ ತಗೊಂಡಿದ್ದು ನಾನೇ," ಎಂದಳು ಕೇಳುವ ಮೊದಲೇ. "ವಿಳಾಸ ಕೈ ಮೇಲೆ ಬರ್ಕೊಂಡೆ. ಆದರೆ ಯಾವ ಗಾಡಿ ಎಲ್ಲಿದೆ ಅಂತ ತೋರಿಸೋ ಪರದೆಯೇ ಸತ್ತು ಕೂತಿತ್ತು. ಒಬ್ಬೊಬ್ಬ ಡ್ರೈವರ್‌ಗೂ ಫೋನ್ ಮಾಡಿ ಎಲ್ಲಿದೀರಿ, ಎಲ್ಲಿದೀರಿ ಅಂತ ಕೇಳ್ತಾ ಹೋದೆ. ಆಯಮ್ಮ ಅಷ್ಟೂ ಹೊತ್ತು ಲೈನಲ್ಲೇ ಇದ್ದರು. ಉಸಿರಾಡ್ತಿದಾರೆ, ಇನ್ನೂ ಉಸಿರಾಡ್ತಿದಾರೆ ಅಂತಾನೇ ಇದ್ದರು."

ಅತ್ತೆ ಅವಳ ಮುಂಗೈ ಮೇಲೆ ತನ್ನ ಕೈಯಿಟ್ಟಳು. ಆಮೇಲೆ ಕೇಳಿದಳು, "ಯಂತ್ರ ಹೇಗೆ ನಿಂತಿತಮ್ಮ?"

"ಹೇಗೆ ಅಂದರೆ?"

"ದೀಪ ಆರಿದ ಹಾಗಾ?"

ಹುಡುಗಿ ತಲೆಯಾಡಿಸಿದಳು. "ಇಲ್ಲ. ಮೊದಲು ತೂಕಡಿಸ್ತು. ಊಟ ಮುಗಿಸಿ ಬಂದು ಕೂತಾಗಲೇ ಶುರುವಾಗಿತ್ತು. ಸೇವ್ ಒತ್ತಿದರೆ ಚಕ್ರ ತಿರುಗ್ತಾನೇ ಇರೋದು. ಪಕ್ಕದವಳಿಗೆ ಹೇಳಿದೆ, ಅವಳೂ ನನಗೂ ಹಾಗೇ ಅಂದಳು. ಹಾಗೆ ಕುಂಟಿಕೊಂಡೇ ಇನ್ನೂ ಎಷ್ಟೋ ಕರೆ ತಗೊಂಡೆ. ಆಮೇಲೇ ಪೂರ್ತಿ ನಿಂತಿದ್ದು."

"ವಿಚಾರಣೇಲಿ ಇದನ್ನ ಯಾಕೆ ಹೇಳಲಿಲ್ಲ?"

"ಎಷ್ಟು ಹೊತ್ತಿಗೆ ನಿಂತಿತು ಅಂತ ಮಾತ್ರ ಕೇಳಿದರು. ಹೇಗೆ ನಿಂತಿತು ಅಂತ ಯಾರೂ ಕೇಳಲಿಲ್ಲ."

ಅತ್ತೆ ಎದ್ದಳು. ಅವಳ ಕಣ್ಣ ಮುಂದೆ ಊಟದ ಮೇಜಿನ ಲೋಟಗಳೂ ಆ ಚಮಚವೂ ಬಂದವು. ಎರಡು ದಾರಿಯೂ ಒಂದೇ ಏಟಿಗೆ ಹೋಗಿದ್ದರೆ ಯಂತ್ರ ಆ ಕ್ಷಣವೇ ನಿಲ್ಲಬೇಕಿತ್ತು. ತೂಕಡಿಸಿತು ಅಂದರೆ, ಒಂದು ದಾರಿ ಮೊದಲೇ ಹೋಗಿತ್ತು. ಚಿಲ್ಲರೆ ಓಡಾಟವೂ ಭಾರದ ಸಾಮಾನೂ ಉಳಿದ ಒಂದೇ ದಾರಿಗೆ ಬಿದ್ದು, ಲಾರಿಯ ಹಿಂದೆ ಸಿಕ್ಕಿಕೊಂಡ ಸೈಕಲ್ಲಿನ ಹಾಗೆ ಪ್ರತಿಯೊಂದು ಕರೆಯೂ ಒದ್ದಾಡಿತ್ತು. ಗರಗಸ ಬಂದದ್ದು ಆಮೇಲೆ.

ಹೋದದ್ದು ಎರಡು ಸಲ. ಒಂದು ಸಲ ಗರಗಸಕ್ಕೆ, ಇನ್ನೊಂದು ಸಲ ಮನುಷ್ಯನ ಕೈಗೆ.

"ಯಾವ ದಾರಿ ಯಾವಾಗ ಹೋಯಿತು ಅಂತ ಸ್ವಿಚ್ಚುಗಳ ಒಳಗೆ ದಾಖಲಾಗಿರಬೇಕಲ್ಲ?" ಎಂದು ಮುಖ್ಯಸ್ಥರನ್ನು ಕೇಳಿದಳು.

"ಗಾಬರೀಲಿ ಎಲ್ಲವನ್ನೂ ಆರಿಸಿ ಹಚ್ಚಿಬಿಟ್ಟರು. ಒಳಗಿದ್ದದ್ದು ಅಳಿಸಿಹೋಯ್ತು." ಅವರ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಆ ಗಾಳಿಕೊಳವೆ ರಿಪೇರಿ ಮಂಗಳವಾರವೇ ಇತ್ತಾ?"

"ಭಾನುವಾರ ಇತ್ತು. ಮಂಗಳವಾರಕ್ಕೆ ಯಾಕೆ ಬಂತು ಅಂತ ನನಗೂ ಗೊತ್ತಿಲ್ಲ."

"ಬಲಗಡೆ ಶಾಫ್ಟು ತೋರಿಸಿ."

"ಅಲ್ಲೇನೂ ಇಲ್ಲ. ನಾವು ನೋಡಿದೀವಿ. ಖಾಲಿ."

"ಖಾಲಿ ಡಬ್ಬಿಯನ್ನೇ ನಾನು ಮೊದಲು ಮೂಸಿ ನೋಡೋದು."

ಬಲಗಡೆ ಶಾಫ್ಟು ಕಟ್ಟಡದ ಹಿಂಬದಿಗಿತ್ತು. ಸಾಮಾನು ಸಾಗಿಸುವ ಮೆಟ್ಟಿಲ ಮಗ್ಗುಲಿಗೇ ಅದು ನೆಲಮಾಳಿಗೆಗೆ ಇಳಿಯುತ್ತಿತ್ತು. ಅತ್ತೆ ಪ್ರತಿ ಮಹಡಿಯಲ್ಲೂ ಬಾಗಿಲು ತೆಗೆಸಿ, ಕೇಬಲ್ ಕಟ್ಟುವ ತಗಡಿನ ತಟ್ಟೆಯ ಮೇಲೆ ಬೆಳಕು ಬಿಟ್ಟು ನೋಡಿದಳು. ತಟ್ಟೆಯ ತುಂಬ ದಪ್ಪ ಧೂಳು. ಆ ಧೂಳಿನ ನಡುವೆ, ತಲೆಯಲ್ಲಿ ಬೈತಲೆ ತೆಗೆದ ಹಾಗೆ, ಬೆರಳಗಲದ ಸ್ವಚ್ಛವಾದ ಒಂದು ಗೆರೆ ಮೇಲಿಂದ ಕೆಳಗಿನವರೆಗೆ ನೇರವಾಗಿ ಓಡಿತ್ತು. ಪಕ್ಕದಲ್ಲೇ ಕತ್ತರಿಸಿ ಬಿಸಾಡಿದ ಪ್ಲಾಸ್ಟಿಕ್ ಕಟ್ಟುಗಳು ಬಿದ್ದಿದ್ದವು.

"ಇಲ್ಲಿ ಕೇಬಲ್ ಇತ್ತು," ಎಂದಳು ಅತ್ತೆ. "ಧೂಳು ಕೂರೋಷ್ಟು ಕಾಲ ಇತ್ತು. ಈ ವಾರ ತೆಗೆದಿದಾರೆ. ತೆಗೆದು ಕತ್ತರಿಸಿ ಎಡಗಡೆ ಶಾಫ್ಟಿಗೆ ತಂದು ನೇತುಹಾಕಿದಾರೆ. ನಿಮ್ಮ ಯೋಜಕ ಹೇಳಿದ್ದು ಅಕ್ಷರಶಃ ನಿಜ. ಅವರು ದಾರಿ ಎರಡೂ ಸರಿಯಾಗೇ ಹಾಕಿಸಿದ್ದರು."

ಮುಖ್ಯಸ್ಥರು ಗೋಡೆಗೆ ಒರಗಿದರು. "ನಾನೇ ಆತನನ್ನ ಎಲ್ಲರ ಮುಂದೆ ಬೈದು ಕಳಿಸಿದೆ."

"ಅವರ ತಲೆ ಮೇಲಿನ ಗೂಬೆ ಇಳಿಸೋದು ಈಗ ನಿಮ್ಮ ಕೈಲೇ ಇದೆ. ಸಂಜೆವರೆಗೂ ಕಾಯಬೇಡಿ. ಅವರ ಹೆಂಡತಿ ಮನೇಲಿ ಕೂತು ಕಣ್ಣೀರು ಹಾಕ್ತಿದಾರೆ."

ಮುಖ್ಯಸ್ಥರು ಫೋನು ತೆಗೆಯುತ್ತ ಮೆಟ್ಟಿಲು ಹತ್ತಿಹೋದರು. ಅತ್ತೆಗೆ ಎದೆ ಹಗುರಾಯಿತು. ತನಿಖೆಯಲ್ಲಿ ಒಬ್ಬನನ್ನು ಹಿಡಿಯುವುದಕ್ಕಿಂತ ಒಬ್ಬನನ್ನು ಬಿಡಿಸುವುದು ಅವಳಿಗೆ ಯಾವತ್ತೂ ಹೆಚ್ಚು ಹಿಡಿಸುವ ಕೆಲಸ.

ಅವಳು ಒಬ್ಬಳೇ ಕೆಳಗಿಳಿದಳು. ನೆಲದ ಮಟ್ಟದಲ್ಲಿ ಆ ಗೆರೆ ಒಂದು ಹಳೆಯ ಬಾಗಿಲಿಗೆ ಅಡ್ಡಲಾಗಿ ಹಾದಿತ್ತು. ಕೇಬಲನ್ನು ಹಿಡಿದಿದ್ದ ಹಿಡಿಕೆಗಳು ಬಾಗಿಲ ಚೌಕಟ್ಟಿನ ಎರಡೂ ಕಡೆ ಬಿಚ್ಚಿ ತೂಗುತ್ತಿದ್ದವು. ಕೇಬಲ್ ಇದ್ದಷ್ಟು ದಿನ ಆ ಬಾಗಿಲನ್ನು ತೆಗೆಯುವಂತಿರಲಿಲ್ಲ. ಈಗ ತೆಗೆಯಬಹುದಿತ್ತು.

ಅತ್ತೆ ತಳ್ಳಿದಳು. ಹಿಂದೆ ಬ್ಯಾಟರಿಗಳನ್ನು ಇಡುತ್ತಿದ್ದ ಸಣ್ಣ ಕೋಣೆ. ಎದುರು ಗೋಡೆಯಲ್ಲಿ ಇನ್ನೊಂದು ಬಾಗಿಲು, ಅದು ಕಟ್ಟಡದ ಮುಂಬಾಗಿಲ ಕಡೆಯ ಕಾರಿಡಾರಿಗೆ. ಒಳಗೆ ಸಾಮಾನೇನೂ ಇರಲಿಲ್ಲ. ಆದರೆ ನೆಲವನ್ನು ಯಾರೋ ಚೊಕ್ಕಟವಾಗಿ ಒರೆಸಿದ್ದರು. ಸೋಪಿನ ವಾಸನೆ ಇನ್ನೂ ತೆಳ್ಳಗೆ ಉಳಿದಿತ್ತು. ಮೂಲೆಯ ಗೋಡೆಯ ಮೇಲೆ, ಅವಳ ಮೊಣಕಾಲಿನ ಎತ್ತರಕ್ಕೆ, ಅಂಗಡಿಯ ಹಣ್ಣುಗಳಿಗೆ ಅಂಟಿಸಿರುವ ಬಣ್ಣದ ಪುಟ್ಟ ಚೀಟಿಗಳನ್ನು ಸಾಲಾಗಿ ಅಂಟಿಸಿತ್ತು ಯಾವುದೋ ಮಗು.

ಅತ್ತೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅವನ್ನು ನೋಡಿದಳು. ಕೆಲವು ಚೀಟಿ ಸೊಟ್ಟ, ಕೆಲವು ತಲೆಕೆಳಗು.

ಕೇಬಲ್ ಮೇಸ್ತ್ರಿ ಹಿಂಬದಿಯ ವಾಹನ ನಿಲ್ದಾಣದಲ್ಲಿ ತನ್ನ ವ್ಯಾನಿನ ಹಿಂದೆ ಕೂತಿದ್ದ. ತೊಡೆಯ ಮೇಲೆ ಊಟದ ಡಬ್ಬಿ ತೆರೆದಿತ್ತು, ಊಟ ಮಾತ್ರ ಹಾಗೇ ಇತ್ತು. ಮೂವತ್ತರ ಆಸುಪಾಸಿನ ಗಟ್ಟಿ ಆಳು, ಆದರೆ ಮುಖ ನೋಡಿದರೆ ನಾಲ್ಕು ದಿನದ ಜ್ವರ ಬಂದವನ ಹಾಗಿದ್ದ. ಅತ್ತೆ ಅವನ ಪಕ್ಕ ಒಂದು ಕೇಬಲ್ ಸುರುಳಿಯ ಮೇಲೆ ಕೂತಳು.

"ಊಟ ಮಾಡಪ್ಪ. ಆರಿಹೋಗುತ್ತೆ."

"ಸೇರ್ತಿಲ್ಲ ಮೇಡಂ."

"ನಿನ್ನ ಕತ್ತರಿ ತುಂಬ ಚೂಪು. ಎಷ್ಟು ನೀಟಾಗಿ ಕತ್ತರಿಸಿದೆ ಅಂದರೆ, ಗರಗಸ ಮಾಡಿದ್ದು ಅಂತ ನಂಬೋಕೇ ಆಗಲಿಲ್ಲ ನನಗೆ."

ಅವನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಕೆಳಗೆ ಬಿದ್ದು ಉರುಳಿತು. ಎತ್ತಿಕೊಳ್ಳಲು ಅವನು ಬಗ್ಗಲಿಲ್ಲ.

"ಯಾವ ಕತ್ತರಿ?"

"ನೋಡು, ನಾನು ಬಲಗಡೆ ಶಾಫ್ಟು ನೋಡಿ ಬಂದಿದೀನಿ. ಬ್ಯಾಟರಿ ಕೋಣೇನೂ ನೋಡಿದೀನಿ. ಹಣ್ಣಿನ ಚೀಟಿ ಅಂಟಿಸಿದ ಮಗು ಯಾರದು?"

ಅವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಮಾತು ಬಂತು. "ಅವರನ್ನ ಎಳೀಬೇಡಿ ಮೇಡಂ. ಮಾಡಿದೋನು ನಾನು. ನನ್ನನ್ನ ಹಿಡ್ಕೊಂಡು ಹೋಗಿ."

"ಹಿಡ್ಕೊಂಡು ಹೋಗೋಕೆ ನೀನೇನು ಕುರಿಮರೀನಾ? ಮೊದಲಿಂದ ಹೇಳು."

ಅವನು ಹೇಳಿದ. ಬಲಗಡೆ ಕೇಬಲ್ ಎಳೆಯುವಾಗಲೇ ಆ ಕೋಣೆಯಲ್ಲಿ ಅವರು ಕಣ್ಣಿಗೆ ಬಿದ್ದಿದ್ದರು. ಈ ಕಟ್ಟಡ ಗುಡಿಸಿ ಒರೆಸುವ ಹೆಂಗಸು, ಅವಳ ನಾಲ್ಕು ವರ್ಷದ ಮಗಳು. ಗಂಡನ ಹೊಡೆತ ತಾಳಲಾರದೆ ಬೇರೆ ಊರಿನಿಂದ ಓಡಿಬಂದವರು. ಇರಲು ಜಾಗವಿರಲಿಲ್ಲ. ಯಾರಿಗೂ ಹೇಳಬೇಡ ಅಣ್ಣ ಎಂದು ಅವಳು ಕೈ ಮುಗಿದಿದ್ದಳು.

"ನಾನೂ ಬಾಯಿಗೆ ಬೀಗ ಹಾಕ್ಕೊಂಡೆ. ಒಂದು ಸಣ್ಣ ಫ್ಯಾನು ಹಾಕಿಕೊಟ್ಟೆ. ಮಗುಗೆ ಆಗಾಗ ಹಣ್ಣು ತರ್ತಿದ್ದೆ. ಅಷ್ಟೇ ಮೇಡಂ. ಬೇರೆ ಏನೂ ಇಲ್ಲ."

"ಬೇರೆ ಇದ್ದರೂ ನಾನು ಕೇಳ್ತಿಲ್ಲ. ಮಂಗಳವಾರ?"

"ಅವಳ ಗಂಡ ಹುಡುಕ್ಕೊಂಡು ಬಂದು ಮುಂಬಾಗಿಲಲ್ಲಿ ನಿಂತಿದಾನೆ ಅಂತ ಗೊತ್ತಾಯ್ತು. ಮುಂದಿನಿಂದ ಕರ್ಕೊಂಡು ಹೋದರೆ ಎದುರಿಗೇ ಸಿಗ್ತಾಳೆ. ಹಿಂದಿನ ಬಾಗಿಲಿಗೆ ನಾನೇ ಕೇಬಲ್ ಅಡ್ಡ ಹೊಡೆದಿದ್ದೆ. ಬಿಚ್ಚಿದೆ. ಎರಡು ದಾರಿ ಇದೆಯಲ್ಲ, ಒಂದರಲ್ಲಿ ಅರ್ಧ ಗಂಟೆ ಓಡುತ್ತೆ, ಅವರನ್ನ ಮನೆ ಸೇರಿಸಿ ಬಂದು ಮತ್ತೆ ಹಾಕಿದರಾಯ್ತು ಅಂದ್ಕೊಂಡೆ. ಭಾವ ಎರಡೆರಡು ಮಾಡಿದ್ದೇ ಅದಕ್ಕಲ್ವಾ?"

ಅವನು ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ.

"ವಾಪಸ್ ಬಂದಾಗ ಎಲ್ಲ ಕೂಗಾಡ್ತಿದ್ದರು. ಎಡಗಡೇದನ್ನ ಗರಗಸ ಕುಯ್ದಿತ್ತು. ಅದೇ ಅರ್ಧ ಗಂಟೇಲಿ ಮೇಡಂ! ನನ್ನ ಕಾಲ ಕೆಳಗೆ ನೆಲ ಇರಲಿಲ್ಲ."

"ಆಗಲೇ ಓಡಿಹೋಗಿ ಬಲಗಡೇದನ್ನ ಸಿಕ್ಕಿಸಬಹುದಿತ್ತಲ್ಲ?"

"ಹೋದೆ! ಅವಸರದಲ್ಲಿ ಬಿಚ್ಚೋವಾಗ ಕೆಳಗಿನ ತುದಿ ಮುರಿದಿತ್ತು. ನೋಡೇ ಇರಲಿಲ್ಲ. ಹೊಸ ಕೇಬಲ್ ತಂದು ಮೆಟ್ಟಿಲ ಮೇಲೇ ಎಳೆದೆ. ಯಂತ್ರ ಎದ್ದಿತು. ಅಷ್ಟರಲ್ಲಿ ಆ ಟೈಲರ್..." ಮುಂಗೈಯಿಂದ ಕಣ್ಣೊರೆಸಿಕೊಂಡ. "ದಿನಾ ಆಸ್ಪತ್ರೆ ಬಾಗಿಲವರೆಗೂ ಹೋಗಿ ಬರ್ತೀನಿ. ಒಳಗೆ ಹೋಗೋಕೆ ಧೈರ್ಯ ಇಲ್ಲ."

"ಆಮೇಲೆ ಹಳೇದನ್ನ ಎಳೆದು, ಕತ್ತರಿಸಿ, ಎಡಗಡೆಗೆ ನೇತುಹಾಕಿದೆ."

"ಗರಗಸದವನ ಮೇಲೆ ಹೋಗಲಿ ಅಂತ. ಅವನಿಗೆ ವಿಮೆ ಇದೆ, ಏನೂ ಆಗಲ್ಲ ಅಂತ. ಭಾವನ ಸಹಿ ಇರುತ್ತೆ ಅನ್ನೋದು ಆ ಹೊತ್ತಿಗೆ ತಲೆಗೇ ಬರಲಿಲ್ಲ ಮೇಡಂ, ನಮ್ಮಕ್ಕನಾಣೆ. ಭಾವನನ್ನ ಮನೆಗೆ ಕಳಿಸಿದ ದಿನದಿಂದ ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತಾನೇ ಇದೀನಿ. ಹೇಳಿದರೆ ಅವಳ ವಿಷಯಾನೂ ಹೊರಗೆ ಬರುತ್ತೆ. ಗಂಡನಿಗೆ ಗೊತ್ತಾಗುತ್ತೆ."

ಅತ್ತೆಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂದು ಬಾಗಿಲು ತೆಗೆಯಲು ಹೋಗಿ ಇನ್ನೊಂದು ಬಾಗಿಲು ಮುಚ್ಚಿದವನು. ಆ ಟೈಲರ್ ಹೆಂಡತಿಗೆ ಇದನ್ನು ಹೇಗೆ ಹೇಳುವುದು ಎಂದು ಮಾತ್ರ ತೋಚಲಿಲ್ಲ.

"ಅವರು ಈಗೆಲ್ಲಿದಾರೆ?"

"ನನ್ನ ರೂಮಲ್ಲಿ. ನಾನು ವ್ಯಾನಲ್ಲೇ ಮಲಗ್ತೀನಿ."

"ಊಟದ ಡಬ್ಬಿ ಮುಚ್ಚು. ನಡಿ."

ಮೇಸ್ತ್ರಿಯ ರೂಮು ಎರಡು ಬೀದಿ ಆಚೆ, ಟೈರ್ ಅಂಗಡಿಯ ಮೇಲಿತ್ತು. ಮೆಟ್ಟಿಲ ತಲೆಯಲ್ಲೇ ಒದ್ದೆ ಬಟ್ಟೆ ಒಣಗುತ್ತಿತ್ತು. ಅವನು ತಮ್ಮಲ್ಲೇ ಗೊತ್ತುಮಾಡಿಕೊಂಡ ಹಾಗೆ ತಟ್ಟಿದ. ಬಾಗಿಲು ಬೆರಳಗಲ ತೆರೆಯಿತು.

"ಹೆದರಬೇಡ," ಎಂದ. "ಇವರು ನಮ್ಮ ಅತ್ತೆ."

ಅತ್ತೆಗೆ ನಗು ಬಂತು, ತಡೆದುಕೊಂಡಳು. ಒಳಗೆ ಮಗು ಚಾಪೆಯ ಮೇಲೆ ಬೋರಲಾಗಿ ಮಲಗಿ, ಖಾಲಿ ಕೇಬಲ್ ಸುರುಳಿಯೊಂದನ್ನು ಗಾಡಿ ಮಾಡಿಕೊಂಡು ಓಡಿಸುತ್ತಿತ್ತು. ತಾಯಿ ಚಿಕ್ಕ ವಯಸ್ಸಿನವಳು. ಎಡಗೈಯ ಒಂದು ಬೆರಳು ಸರಿಯಾಗಿ ಕೂಡಿಕೊಳ್ಳದೆ ಡೊಂಕಾಗಿತ್ತು. ಕೂರಲು ಸ್ಟೂಲು ಕೊಟ್ಟು ತಾನು ಗೋಡೆಗೆ ಅಂಟಿ ನಿಂತಳು.

"ನಿನ್ನ ಗಂಡನಿಗೆ ಈ ಜಾಗ ತಿಳಿಯದ ಹಾಗೆ ನೋಡ್ಕೊಳ್ಳೋದು ನನ್ನ ಹೊಣೆ," ಎಂದಳು ಅತ್ತೆ. "ನಾನು ಕೊಟ್ಟ ಮಾತು ಅದು. ಮಂಗಳವಾರ ಅವನು ಬಂದಿದ್ದಾಗ ಏನು ಉಟ್ಟಿದ್ದ, ಒಬ್ಬನೇ ಇದ್ದನಾ, ಅದಿಷ್ಟು ಹೇಳು. ನಮ್ಮವರು ಕಣ್ಣಿಡ್ತಾರೆ."

ಹೆಂಗಸು ಮೇಸ್ತ್ರಿಯ ಕಡೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ಅದನ್ನೇ ಇವರಿಗೆ ಹೇಳಬೇಕು ಅಂತಿದ್ದೆ. ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ನಮ್ಮ ನಾದಿನಿಗೆ ಫೋನ್ ಮಾಡಿದೆ. ಆ ಮನೇಲಿ ನನ್ನ ಪರ ಇರೋಳು ಅವಳೊಬ್ಬಳೇ. ನನ್ನ ಗಂಡ ಕಟ್ಟಡ ಕೆಲಸದ ಸಾರುವೆಯಿಂದ ಬಿದ್ದು ಕಾಲು ಮುರ್ಕೊಂಡಿದಾನಂತೆ. ಹೋದ ವಾರವೇ. ಸೊಂಟದವರೆಗೂ ಪಟ್ಟಿ ಕಟ್ಟಿ ಊರಿನ ಆಸ್ಪತ್ರೇಲಿ ಮಲಗಿಸಿದಾರಂತೆ. ಇನ್ನೂ ಎದ್ದು ಕೂತಿಲ್ಲವಂತೆ."

ಅತ್ತೆ ಸ್ಟೂಲಿನಿಂದ ಎದ್ದಳು.

"ಹಾಗಾದರೆ ಮುಂಬಾಗಿಲಲ್ಲಿ ನೀನು ನೋಡಿದ್ದು ಯಾರನ್ನ?"

"ನಾನು ನೋಡಲಿಲ್ಲ. ಇವರೇ ಓಡಿಬಂದು ಹೇಳಿದ್ದು."

ಅತ್ತೆ ಮೇಸ್ತ್ರಿಯ ಕಡೆ ತಿರುಗಿದಳು.

"ನಾನೂ ನೋಡಲಿಲ್ಲ," ಎಂದ. "ಫೋನ್ ಬಂತು."

"ಯಾರದು?"

ಅವನು ಮಗುವಿನ ಕಡೆ ತಿರುಗಿದ.

"ಯಾರು ಫೋನ್ ಮಾಡಿದ್ದು ಅಂತ ಕೇಳ್ತಿದೀನಿ."

"ಭಾವ."

ಅತ್ತೆಗೆ ಕೇಳಿಸಿತು. ಆದರೂ ಇನ್ನೊಮ್ಮೆ ಹೇಳು ಅನ್ನುವ ಹಾಗೆ ಅವನನ್ನು ನೋಡಿದಳು.

"ಭಾವಂಗೆ ಇವರ ವಿಷಯ ಗೊತ್ತಿದೆ ಅಂತಾನೇ ನನಗೆ ಗೊತ್ತಿರಲಿಲ್ಲ. 'ಅವಳ ಗಂಡ ಗೇಟಲ್ಲಿದಾನೆ, ಹಿಂದಿನ ಬಾಗಿಲಿಂದ ಕರ್ಕೊಂಡು ಹೋಗು, ಕೇಬಲ್ ಬಿಚ್ಚಿದರೂ ಪರವಾಗಿಲ್ಲ, ಇನ್ನೊಂದಿದೆಯಲ್ಲ' ಅಂದರು. ಅವರೇ ಅಂದರು ಮೇಡಂ. ಆಮೇಲೆ ವಿಚಾರಣೇಲಿ ಅವರು ಒಂದು ಮಾತೂ ಬಿಡದೇ ಇದ್ದಾಗ, ನನ್ನನ್ನೂ ಇವರನ್ನೂ ಉಳಿಸೋಕೆ ಎಲ್ಲ ಹೊಟ್ಟೆಗೆ ಹಾಕ್ಕೊಂಡಿದಾರೆ ಅಂತ..." ಅವನು ಗೋಡೆ ಹಿಡಿದುಕೊಂಡು ಕೂತ. "ದೇವರಂಥ ಮನುಷ್ಯ ಅಂತ ರಾತ್ರಿಯೆಲ್ಲ ಅತ್ತಿದೀನಿ ನಾನು."

ಯೋಜಕ ಇವರನ್ನು ಉಳಿಸಲೆಂದೇ ಸುಮ್ಮನಿದ್ದಿರಬಹುದು. ಅವನಿಗೂ ಯಾರೋ ಸುಳ್ಳು ಹೇಳಿ ಫೋನ್ ಮಾಡಿಸಿರಬಹುದು. ಅತ್ತೆ ತನಗೆ ತಾನೇ ಅದನ್ನು ಹೇಳಿಕೊಂಡಳು, ಆದರೆ ಭಾನುವಾರದ ರಿಪೇರಿ ಅದೇ ಮಂಗಳವಾರಕ್ಕೆ ಬಂದದ್ದು ನೆನಪಾಗುತ್ತಲೇ ಮುಖ್ಯಸ್ಥರಿಗೆ ಕರೆ ಮಾಡಿದಳು.

"ಹೇಳಿ ಅತ್ತೆ!" ಮುಖ್ಯಸ್ಥರ ದನಿ ಹಗುರಾಗಿತ್ತು. ಮೊದಲ ಸಲ ಅವರು ಆ ಹೆಸರಿನಿಂದ ಕರೆದಿದ್ದರು. "ನೀವು ಹೇಳಿದ ಹಾಗೇ ಮಾಡಿದೆ. ನಾನೇ ಮನೆಗೆ ಹೋಗಿ ಕ್ಷಮೆ ಕೇಳಿದೆ. ಯೋಜಕರ ಹೆಂಡತಿ ಅತ್ತುಬಿಟ್ಟರು. ಆತ ಮಾತ್ರ ತಡಮಾಡಲಿಲ್ಲ, ಈಗಲೇ ಬಂದು ದಾರಿ ಸರಿ ಮಾಡ್ತೀನಿ ಅಂತ ನನ್ನ ಕಾರಲ್ಲೇ ಬಂದರು. ಸರ್ವರ್ ಕೋಣೆಯ ಕೀಲಿ ಕೊಟ್ಟು ಒಳಗೆ ಬಿಟ್ಟು ಈಗಷ್ಟೇ ಬಂದೆ."

"ಜೊತೆಗೆ ಯಾರಿದಾರೆ?"

"ಯಾರೂ ಇಲ್ಲ. ಎಲ್ಲರನ್ನೂ ಹೊರಗೆ ಕಳಿಸಿದರು. ಒಬ್ಬನೇ ಇದ್ದರೆ ಬೇಗ ಆಗುತ್ತೆ ಅಂದರು."

ಅತ್ತೆ ಆಗಲೇ ಮೆಟ್ಟಿಲಿಳಿದು ಓಡುತ್ತಿದ್ದಳು. ಕಿವಿಯಲ್ಲಿ ಮುಖ್ಯಸ್ಥರು ಇನ್ನೂ ಏನೋ ಹೇಳುತ್ತಿದ್ದರು. ಅವರ ಬೆನ್ನ ಹಿಂದಿನಿಂದ, ಕರೆ ಸ್ವೀಕರಿಸುವ ಕೋಣೆಯ ಗದ್ದಲದ ನಡುವೆ, ಕಿಟಕಿಯ ಪಕ್ಕದ ಆ ಹುಡುಗಿಯ ದನಿ ಸ್ಪಷ್ಟವಾಗಿ ಕೇಳಿಸಿತು:

"ಸಾರ್, ನೋಡಿ ಸಾರ್... ಮತ್ತೆ ತೂಕಡಿಸ್ತಿದೆ."